ಹಿಂದಿನ ಲೈಟಿನ ವಯರು

ತಿಮ್ಮ ತನ್ನ ಗೂಡ್ಸ್ ರಿಕ್ಷಾ ಮಾರಿದ ವಾರವೇ ಪದ್ದುವಿನ ಮನೆಯಲ್ಲಿ ಜಗಳ ಶುರುವಾಯಿತು.

ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡುಕೊಂಡು ವಂಡ್ಸೆ ಕಡೆಯ ಊರುಗಳಿಗೆ ಹೋಗಿ ಮಾರುವುದು ಪದ್ದುವಿನ ಕಸುಬು. ಮೊಣಕಾಲು ನೋವು ಬಂದ ಮೇಲೆ ಸೊಸೆ ರತ್ನಳೂ ಜೊತೆಗೆ ಹೋಗತೊಡಗಿದ್ದಳು. ಅವರಿಬ್ಬರನ್ನೂ ಮೀನಿನ ಬುಟ್ಟಿಗಳನ್ನೂ ಸಾಗಿಸುತ್ತಿದ್ದವನು ಪಕ್ಕದ ಮನೆಯ ತಿಮ್ಮ. ಕಣ್ಣು ಮಂಜಾಯಿತೆಂದು ಅವನು ರಿಕ್ಷಾ ಮಾರಿದ. ಬಸ್ಸಿನವರು ಮೀನಿನ ಬುಟ್ಟಿ ಕಂಡರೆ ನಿಲ್ಲಿಸುವುದಿಲ್ಲ. ಸದ್ಯಕ್ಕೆ ಮಳೆಗಾಲ, ದೋಣಿಗಳೆಲ್ಲ ದಡದಲ್ಲಿದ್ದವು. ಆದರೆ ಬಂದರು ತೆರೆದ ಮೇಲೆ ಏನು ಮಾಡುವುದು ಎಂಬ ಮಾತು ದಿನವೂ ಬರುತ್ತಿತ್ತು.

ಅಂಗಳದ ಮೂಲೆಯಲ್ಲಿ ತಗಡಿನ ಮಾಡಿನ ಕೆಳಗೆ ಒಂದು ಹಳೆಯ ಟೆಂಪೊ ನಿಂತಿತ್ತು. ಪದ್ದುವಿನ ಗಂಡ ಸುಬ್ಬ ಮೊಗವೀರ ಬದುಕಿದ್ದಾಗ ಕೊಂಡದ್ದು. ಶಾರ್ಟ್ ಆಗಿ ನಿಂತ ಮೇಲೆ ಅದು ಮತ್ತೆ ರಸ್ತೆ ಕಂಡಿರಲಿಲ್ಲ. ರತ್ನ ಅದರ ಮೇಲೆ ಹರಿದ ಬಲೆ, ಒಡಕು ಬುಟ್ಟಿಗಳನ್ನು ಒಟ್ಟುತ್ತಿದ್ದಳು. ಒಂದು ಕೋಳಿ ಸೀಟಿನ ಕೆಳಗೆ ಮೊಟ್ಟೆಯಿಡಲು ರೂಢಿ ಮಾಡಿಕೊಂಡಿತ್ತು.

ಬೆಳಗಿನ ಗಂಜಿಗೆ ಕುಳಿತಾಗ ರತ್ನ ಗಂಡನ ಹತ್ತಿರ ಮಾತು ತೆಗೆದಳು.

"ಹ್ವಾಯ್, ಅದನ್ನ್ ಒಂದಾ ಸರಿ ಮಾಡಿ, ಇಲ್ದಿರೆ ಗುಜ್ರಿಯವ್ನಿಗೆ ಕೊಡಿ. ಸುಮ್ನೆ ಜಾಗ ತಿಂತಾ ಇತ್ತ್."

ಗುಜರಿ ಎಂಬ ಮಾತು ಕೇಳಿದ್ದೇ ಪದ್ದು ಒಣಮೀನಿನ ಚಟ್ನಿಯ ಬಟ್ಟಲನ್ನು ದೂರ ಸರಿಸಿದಳು. ತಾನು ಇರುವವರೆಗೆ ಆ ಗಾಡಿ ಗುಜರಿಗೆಂದು ಅಂಗಳ ದಾಟುವುದಿಲ್ಲ ಎಂದಳು. ಹಾಗಾದರೆ ಬುಟ್ಟಿ ಹೊತ್ತುಕೊಂಡು ವಂಡ್ಸೆಗೆ ನಡೆದೇ ಹೋಗೋಣವೇ ಎಂದು ರತ್ನ ಕೇಳಿದಳು. ಮಾತು ಬೆಳೆಯಿತು. ಮೊಮ್ಮಗಳು ಶ್ರಾವ್ಯ ಕುಂದಾಪುರದ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದವಳು ನಡುವೆ ಬಾಯಿ ಹಾಕಿದಳು.

"ಚಿಕ್ಕಪ್ಪನ್ ಕರ್ದ್ರೆ ಅವ್ರೇ ಸರಿ ಮಾಡ್ತ್ರ್ ಅಲ್ದಾ?"

ಪದ್ದು ಅರ್ಧ ಉಂಡ ಗಂಜಿಯನ್ನು ಹಾಗೇ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಸುಬ್ಬನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಜಿತೇಂದ್ರ, ರತ್ನಳ ಗಂಡ, ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ ಮಿಷನ್ ನೋಡಿಕೊಳ್ಳುವವನು. ಕಿರಿಯವನು ಸುಧೀರ್, ಅಪ್ಪನ ಜೊತೆ ಟೆಂಪೊ ಓಡಿಸುತ್ತಿದ್ದವನು. ಸುಧೀರನಿಗೆ ಆ ಗಾಡಿಯೆಂದರೆ ಜೀವ. ತಾನೇ ವಯರು ಎಳೆದು ಹಾಡಿನ ಸೆಟ್ಟು, ಎರಡು ಸ್ಪೀಕರು, ಕೊಲ್ಲೂರಮ್ಮನ ಫೋಟೊದ ಸುತ್ತ ಬಣ್ಣದ ಸಣ್ಣ ಬಲ್ಬುಗಳನ್ನು ಹಾಕಿದ್ದ. ಒಂದು ಮುಂಜಾನೆ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಲೈಟು ಹಾಕಿಕೊಂಡು ಅಪ್ಪ ಮಗ ಮೀನು ಹೇರಿಕೊಂಡು ವಂಡ್ಸೆಗೆ ಹೊರಟಿದ್ದರು. ಹೆಮ್ಮಾಡಿ ದಾಟುವಾಗ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ ಎದ್ದಿತು. ಸುಧೀರ್ ಗಾಡಿ ನಿಲ್ಲಿಸಿ ಐಸ್ ಪೆಟ್ಟಿಗೆಯ ನೀರು ತರುವಷ್ಟರಲ್ಲಿ ಸುಬ್ಬ ಉರಿಯುವ ವಯರುಗಳನ್ನು ಬರಿಗೈಯಲ್ಲಿ ಹಿಡಿದು ಕಿತ್ತಿದ್ದ. ಬಲ ಅಂಗೈಯ ಚರ್ಮ ಸುಲಿದು ಬಂತು. ಗಾಡಿ ನೋಡಲು ಬಂದ ಮೆಕ್ಯಾನಿಕ್ಕು ಕರಗಿ ಮುದ್ದೆಯಾಗಿದ್ದ ಸುಧೀರನ ಕೆಂಪು ಹಳದಿ ವಯರುಗಳನ್ನು ಎತ್ತಿ ತೋರಿಸಿ, ಇದರಿಂದಲೇ ಆದದ್ದು ಎಂದ.

ಲೈಟಿನ ಸುಟ್ಟ ವಯರನ್ನಷ್ಟೇ ಬದಲಾಯಿಸಿ ಹೊರಟಾಗ ಗಾಡಿ ಮತ್ತೊಮ್ಮೆ ಹೊಗೆ ಎಬ್ಬಿಸಿತು. ಸುಬ್ಬ ಸಿಟ್ಟಿನಿಂದ ಅದನ್ನು ಮಾಡಿನ ಕೆಳಗೆ ತಳ್ಳಿಸಿಟ್ಟ. ಗಾಯ ಮಾಗಿತು, ಆದರೆ ಬೆರಳುಗಳು ಪೂರ್ತಿ ಮಡಚಿಕೊಳ್ಳಲಿಲ್ಲ. ಅನ್ನ ಕಲಸಲು ಕೈ ಹಾಕಿದಾಗೆಲ್ಲ ಅವನು ಕಿರಿಯ ಮಗನನ್ನು ಬೈದ. ಇವನ ಹಾಡಿನ ಹುಚ್ಚಿಗೆ ಮನೆಯ ಅನ್ನ ಹೋಯಿತೆಂದ. ಸುಧೀರ್ ಮೊದಮೊದಲು, ನನ್ನ ವಯರಿನಿಂದ ಅಲ್ಲ ಎಂದು ವಾದಿಸಿದ. ಆಮೇಲೆ ವಾದಿಸುವುದನ್ನು ಬಿಟ್ಟ. ಕೊನೆಗೆ ಮನೆಯನ್ನೇ ಬಿಟ್ಟು ಸಾಲಿಗ್ರಾಮಕ್ಕೆ ಹೋಗಿ, ಒಂದು ಯಕ್ಷಗಾನ ಮೇಳದ ಬಸ್ಸಿಗೆ ಡ್ರೈವರನಾದ. ಅಲ್ಲಿಯ ಹುಡುಗಿ ವಿಜೇತಾಳನ್ನು ಮದುವೆಯಾದ. ಮದುವೆಗೆ ಸುಬ್ಬ ಹೋಗಲಿಲ್ಲ. ಮುಂದೆ ಸುಬ್ಬ ಕುಂದಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಸುಧೀರ್ ಬಂದ, ಹೆಗಲು ಕೊಟ್ಟ, ಬೊಜ್ಜದ ದಿನ ಉತ್ತರಕ್ರಿಯೆಯ ಊಟದ ಎಲೆಯ ಮುಂದಿನಿಂದ ಎದ್ದು ಹೋದ. ಆಮೇಲೆ ಆ ಮನೆಗೆ ಬರಲಿಲ್ಲ. ಯಾಕೆ ಎದ್ದು ಹೋದ ಎಂದು ಜಿತೇಂದ್ರನಿಗೆ ಗೊತ್ತಾಗಲಿಲ್ಲ. ಶ್ರಾವ್ಯಳ ಮೊಬೈಲಿಗೆ ಮಾತ್ರ ಆಗಾಗ ಅವನ ಮೆಸೇಜು ಬರುತ್ತಿತ್ತು.

ಹೆಂಡತಿಯ ಕಾಟಕ್ಕೋ, ತಾಯಿಯ ಮೊಣಕಾಲು ಕಂಡೋ, ಜಿತೇಂದ್ರ ಟೆಂಪೊ ರಿಪೇರಿಗೆ ಒಪ್ಪಿದ. ಕುಂದಾಪುರದಿಂದ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆತಂದ. ಅವನು ಬಗ್ಗಿ ನೋಡಿ, ಪೂರಾ ವಯರಿಂಗ್ ಬದಲಾಯಿಸಬೇಕು, ಇಷ್ಟು ಹಳೆಯ ಗಾಡಿಗೆ ಅದು ದಂಡ ಎಂದು ಹೇಳಿ ಹೋದ. ದೋಣಿಗಳು ನಿಂತದ್ದರಿಂದ ಐಸ್ ಪ್ಲಾಂಟಿನಲ್ಲೂ ಕೆಲಸ ಕಡಿಮೆ. ತಾನೇ ನೋಡುತ್ತೇನೆ ಎಂದು ಜಿತೇಂದ್ರ ಕೂತ.

ಮೊದಲ ಕೆಲವು ದಿನ ಇಲಿಯ ಗೂಡು ತೆಗೆಯುವುದರಲ್ಲೇ ಹೋಯಿತು. ಇಂಜಿನ್ನು ಕೆಟ್ಟಿರಲಿಲ್ಲ. ಬ್ಯಾಟರಿಯನ್ನು ಪ್ಲಾಂಟಿನಿಂದ ಕೇಳಿ ತಂದ. ಫ್ಯೂಜಿನ ಡಬ್ಬಿ ಬಿಚ್ಚಿದಾಗ, ಲೈಟಿನ ಫ್ಯೂಜು ಇರಬೇಕಾದಲ್ಲಿ ದಪ್ಪ ತಾಮ್ರದ ತಂತಿಯನ್ನು ಸುತ್ತಿಟ್ಟಿದ್ದು ಕಂಡಿತು. ತಂತಿಯ ತುದಿಯನ್ನು ಬಲೆಯ ಗಂಟಿನಂತೆ ಎರಡು ಸಲ ತಿರುವಿ ಒಳಗೆ ಸೇರಿಸಿದ್ದರು. ಹಾಗೆ ಕಟ್ಟುತ್ತಿದ್ದವನು ಸುಬ್ಬ ಒಬ್ಬನೇ. ಫ್ಯೂಜು ಪದೇ ಪದೇ ಹೋಗುತ್ತಿದ್ದಿರಬೇಕು, ಅಪ್ಪ ಬೇಸತ್ತು ತಂತಿ ಸುತ್ತಿರಬೇಕು. ಫ್ಯೂಜು ಸರಿಯಾಗಿದ್ದರೆ ಅದೊಂದು ಹೋಗಿ ಗಾಡಿ ಉಳಿಯುತ್ತಿತ್ತು, ಕೈಯೂ ಉಳಿಯುತ್ತಿತ್ತು. ಜಿತೇಂದ್ರ ತಂತಿ ಬಿಚ್ಚಿ ಕಿಸೆಗೆ ಹಾಕಿಕೊಂಡ. ಯಾರಿಗೂ ಹೇಳಲಿಲ್ಲ.

ಮರುದಿನ ಆ ಫ್ಯೂಜಿನ ಜಾಗಕ್ಕೆ ಒಂದು ಬಲ್ಬು ಸಿಕ್ಕಿಸಿದ. ಗಾಡಿಯ ದೀಪಗಳನ್ನೆಲ್ಲ ಮೊದಲೇ ಕಳಚಿಟ್ಟಿದ್ದ. ಲೈನಿನಲ್ಲಿ ಶಾರ್ಟ್ ಇದ್ದರೆ ಈ ಬಲ್ಬು ಉರಿಯುತ್ತದೆ, ಶಾರ್ಟ್ ಇರುವ ವಯರನ್ನು ಬಿಡಿಸಿದ ಕೂಡಲೇ ಆರುತ್ತದೆ ಎಂದು ರತ್ನಳಿಗೆ ಹೇಳಿಕೊಟ್ಟು, ಬಲ್ಬು ನೋಡುತ್ತಿರಲು ಅವಳನ್ನು ಸೀಟಿನ ಮೇಲೆ ಕೂರಿಸಿದ. ಸ್ವಿಚ್ಚು ಹಾಕಿದ್ದೇ ಬಲ್ಬು ಹೊತ್ತಿಕೊಂಡಿತು. ಪದ್ದು ಜಗಲಿಯಲ್ಲಿ ಒಣಮೀನು ಆರಿಸುತ್ತ ಇವರನ್ನೇ ನೋಡುತ್ತಿದ್ದಳು.

ಜಿತೇಂದ್ರ ಮೊದಲು ಸುಧೀರನ ವಯರುಗಳಿಗೆ ಕೈ ಹಾಕಿದ. ಕರಗಿ ಅಂಟಿಕೊಂಡಿದ್ದ ಕೆಂಪು ಹಳದಿ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಹೊರಗೆಳೆದ. ಸ್ಪೀಕರು, ಹಾಡಿನ ಸೆಟ್ಟು, ಸಣ್ಣ ಬಲ್ಬುಗಳ ಮಾಲೆ, ಎಲ್ಲವೂ ಅಂಗಳಕ್ಕೆ ಬಿದ್ದವು.

"ಆರಿತಾ?"

"ಇಲ್ಲೆ. ಉರಿತಾ ಇತ್ತ್."

ಅವನು ನಂಬಲಿಲ್ಲ. ಒಳಗೆ ತಲೆ ಹಾಕಿ ನೋಡಿದ. ಬಲ್ಬು ಮೊದಲು ಉರಿದಷ್ಟೇ ಚೆನ್ನಾಗಿ ಉರಿಯುತ್ತಿತ್ತು. ಸುಧೀರನ ಒಂದು ಎಳೆಯೂ ಗಾಡಿಯಲ್ಲಿ ಉಳಿದಿರಲಿಲ್ಲ.

ಜಗಲಿಯಿಂದ ಪದ್ದು ಏನಾಯಿತೆಂದು ಕೇಳಿದಳು. ಇನ್ನೂ ನೋಡಬೇಕು ಎಂದಷ್ಟೇ ಹೇಳಿ ಜಿತೇಂದ್ರ ಆ ದಿನದ ಕೆಲಸ ನಿಲ್ಲಿಸಿದ. ಮಧ್ಯಾಹ್ನದ ಊಟಕ್ಕೆ ಬಸಳೆ ಸಾರು ಮಾಡಿದ್ದರು. ಅವನು ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಮಳೆ ಬಿಟ್ಟಾಗಲೆಲ್ಲ ಗಂಡಹೆಂಡಿರು ಮತ್ತೆ ಮತ್ತೆ ಕೂತರು. ಮುಂದಿನ ದೀಪಗಳ ವಯರು ಬಿಡಿಸಿದರು, ಮೀಟರಿನದು ಬಿಡಿಸಿದರು. ಬಲ್ಬು ಆರಲಿಲ್ಲ. ರತ್ನಳಿಗೆ ಅಡುಗೆಮನೆಯ ಕೆಲಸ ಹಿಂದೆ ಬೀಳುತ್ತಿತ್ತು. ಅತ್ತೆಗೆ ಕೂತು ಮಸಾಲೆ ಅರೆಯಲು ಆಗದು. ಅದಕ್ಕೊಂದು ಮಾತು, ಇದಕ್ಕೊಂದು ಮಾತು. ಕೊನೆಗೆ ಒಂದು ಮಧ್ಯಾಹ್ನ ಜಿತೇಂದ್ರ ಸೀಟಿನ ಹಿಂದೆ, ಗಾಡಿಯ ಹಿಂಭಾಗಕ್ಕೆ ಹೋಗುವ ವಯರುಗಳ ಕಟ್ಟನ್ನು ಬಿಡಿಸಿದ. ಬಲ್ಬು ಆರಿತು. ಮತ್ತೆ ಸೇರಿಸಿದ, ಹೊತ್ತಿಕೊಂಡಿತು.

ಹಿಂದಿನ ಲೈಟಿಗೆ ಹೋಗುವ ಲೈನಿನಲ್ಲೇ ದೋಷ. ಅವನು ಗೋಣಿ ಹಾಸಿ ಗಾಡಿಯ ಕೆಳಗೆ ಮಲಗಿ, ವಯರನ್ನು ಕೈಯಿಂದ ಸವರುತ್ತ ಹಿಂದಕ್ಕೆ ಸರಿದ. ಐಸ್ ಪೆಟ್ಟಿಗೆ ಅಲುಗಾಡದಂತೆ ಮೇಲೆ ಕೂರಿಸಿದ್ದ ಕಬ್ಬಿಣದ ಚೌಕಟ್ಟಿನ ನಾಲ್ಕು ಬೋಲ್ಟುಗಳು ಕೆಳಗೆ ಇಳಿದಿದ್ದವು. ಅವುಗಳಲ್ಲಿ ಒಂದರ ತುದಿ ವಯರಿನ ಕಟ್ಟಿಗೆ ತಾಗಿ, ರಬ್ಬರನ್ನು ತಿಂದು, ತಾಮ್ರಕ್ಕೆ ಕಚ್ಚಿಕೊಂಡಿತ್ತು. ಉಪ್ಪುನೀರು ಸುರಿದು ಸುರಿದು ಅಲ್ಲಿ ಹಸಿರು ಕಿಲುಬು ಕಟ್ಟಿತ್ತು. ಅವನು ಸ್ಪ್ಯಾನರು ಹಾಕಿ ಬೋಲ್ಟನ್ನು ಸಡಿಲಿಸಿದ.

"ಆರಿತ್ ಹ್ವಾಯ್," ಎಂದು ಮೇಲಿನಿಂದ ರತ್ನ ಹೇಳಿದಳು. "ಈಗ ಪೂರ್ತಿ ಆರಿತ್."

ಜಿತೇಂದ್ರ ತುಂಬ ಹೊತ್ತು ಕೆಳಗಿನಿಂದ ಏಳಲಿಲ್ಲ. ಆ ಚೌಕಟ್ಟು ಮಾಡಿದವನು ಅವನೇ. ಗಾಡಿ ಸುಡುವುದಕ್ಕೆ ಸ್ವಲ್ಪ ಮೊದಲು, ಪ್ಲಾಂಟಿನ ಡ್ರಿಲ್ಲಿಂಗ್ ಮಿಷನ್ ತಂದು, ಮೇಲಿನಿಂದಲೇ ತೂತು ಕೊರೆದು ಬೋಲ್ಟು ಬಿಗಿದಿದ್ದ. ಕೆಳಗೆ ಬಗ್ಗಿ ನೋಡಿರಲಿಲ್ಲ. ಅಪ್ಪ ಸುಧೀರನನ್ನು ಬೈಯುತ್ತಿದ್ದ ದಿನಗಳಲ್ಲಿ ಸುಧೀರ್ ಅವನ ಹತ್ತಿರ ಬಂದು, ಅಣ್ಣ, ಒಮ್ಮೆ ಹಿಂದಿನ ಲೈನು ಕಾಂಬನಾ ಎಂದು ಕೇಳಿದ್ದ. ಅಲ್ಲಿ ಇರುವುದು ನನ್ನ ಕಬ್ಬಿಣದ ಕೆಲಸ, ವಯರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಜಿತೇಂದ್ರ ಅವನನ್ನು ಗದರಿಸಿ ಕಳಿಸಿದ್ದ.

ಎದ್ದು ಬಂದವನನ್ನು ರತ್ನ ಎಂತ ಆಗಿತ್ತು ಎಂದು ಕೇಳಿದಳು. ವಯರು ಎಲ್ಲೋ ಉಜ್ಜಿತ್ತು, ಟೇಪು ಸುತ್ತಿದರೆ ಆಯಿತು ಎಂದ. ರತ್ನ ಮತ್ತೆ ಕೇಳಲಿಲ್ಲ. ಅವನು ಟೇಪು ತರಲು ಒಳಗೆ ಹೋದಾಗ ಸೀರೆ ಎತ್ತಿ ಕಟ್ಟಿ ಗಾಡಿಯ ಕೆಳಗೆ ಬಗ್ಗಿ ನೋಡಿದಳು. ಆ ಸಂಜೆ ಬಾವಿಕಟ್ಟೆಯ ಹತ್ತಿರ ಗಂಡ ಕೈ ತೊಳೆಯುವಾಗ ನೀರು ಹೊಯ್ಯುತ್ತ ಹೇಳಿದಳು.

"ಅದ್ ನಿಮ್ಮ್ ಬೋಲ್ಟ್ ಅಲ್ದಾ?"

ಅವನು ಉಗುರಿನ ಗ್ರೀಸು ತಿಕ್ಕುತ್ತ ಹೋದ.

"ಅತ್ತೆಗೆ ಹೇಳಿ."

"ಹೇಳಿ ಎಂತ ಆತ್ತ್? ಅಪ್ಪಯ್ಯ ಇಲ್ಲೆ. ಅವ ಅಲ್ಲಿ ಸಂಸಾರ ಮಾಡ್ಕಂಡ್ ಇದ್ದ. ಹಳಿ ಮಾತ್ ಎಬ್ಸುದ್ ಎಂತಕ್ಕೆ?"

ರತ್ನ ಕೊಡವನ್ನು ಕಟ್ಟೆಯ ಮೇಲೆ ಕುಕ್ಕಿ ಒಳಗೆ ಹೋದಳು. ಆಮೇಲೆ ಕೆಲವು ದಿನ ಅವಳು ಗಂಡನಿಗೆ ಬಡಿಸುವುದು ಬಡಿಸಿದಳು, ಮಾತಾಡಲಿಲ್ಲ.

ವಯರಿಗೆ ಹೊಸ ತುಂಡು ಸೇರಿಸಿ, ಸರಿಯಾದ ಫ್ಯೂಜು ಹಾಕಿ, ಡೀಸೆಲ್ ಹೊಯ್ದು ಜಿತೇಂದ್ರ ಟೆಂಪೊ ಸ್ಟಾರ್ಟ್ ಮಾಡಿದ. ಎರಡು ಮೂರು ಸಲ ಕೆಮ್ಮಿ ಅದು ಹಿಡಿಯಿತು. ಸದ್ದು ಕೇಳಿ ಪದ್ದು ಕುಂಟುತ್ತ ಅಂಗಳಕ್ಕೆ ಇಳಿದಳು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಳು. ತಿಮ್ಮನೂ ಬೇಲಿ ದಾಟಿ ಬಂದ. ಅಂಗಳದಲ್ಲಿ ರಾಶಿ ಬಿದ್ದಿದ್ದ ಕೆಂಪು ಹಳದಿ ವಯರುಗಳನ್ನು ಕಾಲಿನಿಂದ ಸರಿಸಿ ನೋಡಿ, ಅಂತೂ ಸುಧೀರ ಮಾಡಿಟ್ಟ ಕಿತಾಪತಿಯೆಲ್ಲ ಕಿತ್ತು ಹಾಕಿದೆ, ಸುಬ್ಬಣ್ಣ ಇದ್ದಾಗಲೇ ಕಿತ್ತಿದ್ದರೆ ಎಷ್ಟೋ ಚಂದ ಇತ್ತು ಎಂದ. ಜಿತೇಂದ್ರ ಹೂಂಗುಟ್ಟಿದ. ಮೆಟ್ಟಿಲ ಮೇಲೆ ನಿಂತಿದ್ದ ಶ್ರಾವ್ಯ ಅದನ್ನು ಕೇಳಿಸಿಕೊಂಡಳು.

ಮರುದಿನ ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ ಅವಳು ಹೇಳಿದಳು.

"ಟೆಂಪೊ ಸ್ಟಾರ್ಟ್ ಆಯ್ತ್ ಅಂದೇಳಿ ಚಿಕ್ಕಪ್ಪಂಗೆ ಮೆಸೇಜ್ ಹಾಕಿದ್ದೆ. ಖುಷಿಯಾಯ್ತ್ ಅಂದ್ರ್. ಶಾರ್ಟ್ ಎಲ್ಲಿ ಇದ್ದಿತ್ ಅಂದೇಳಿ ಕೇಂಡ್ರ್. ನಾನ್ ಎಂತ ಹೇಳುದ್ ಅಪ್ಪ?"

ಜಿತೇಂದ್ರ ಅನ್ನ ಕಲಸುತ್ತಲೇ ಇದ್ದ. ರತ್ನ ಸೌಟು ಹಿಡಿದು ಅವನ ಮುಖ ನೋಡಿದಳು. ಪದ್ದುವೂ ನೋಡಿದಳು.

"ಶಾರ್ಟ್ ಇದ್ದದ್ದ್ ಅವನ್ ವಯರಂಗೆ ಅಲ್ಲ," ಎಂದ ಕೊನೆಗೆ. "ನನ್ನ್ ಬೋಲ್ಟ್ ಹಿಂದಿನ ಲೈನಿಗೆ ತಾಗಿದ್ದಿತ್. ನಾನ್ ತೂತ್ ಹೊಡ್ದ್ ಹಾಕಿದ್ದ್."

ಹಾಗಾದರೆ ಮುಂದೆ ಯಾಕೆ ಬೆಂಕಿ ಎದ್ದಿತು ಎಂದು ಪದ್ದು ಕೇಳಿದಳು. ಹಿಂದೆ ಶಾರ್ಟ್ ಆದರೂ ಸ್ವಿಚ್ಚಿನ ಹತ್ತಿರದ ವಯರು ಸಪೂರ, ಅದು ಮೊದಲು ಕಾದು ಸುಡುತ್ತದೆ, ಸುಧೀರನ ವಯರು ಅದರ ಜೊತೆಗೇ ಕಟ್ಟಿದ್ದರಿಂದ ಅದೂ ಕರಗಿತು ಎಂದು ಅವನು ಬಿಡಿಸಿ ಹೇಳಿದ. ಫ್ಯೂಜಿನ ತಂತಿಯ ಸುದ್ದಿ ಎತ್ತಲಿಲ್ಲ. ಪದ್ದು ಕೇಳುತ್ತ ಕೇಳುತ್ತ ಬಟ್ಟಲಲ್ಲೇ ಕೈ ತೊಳೆದುಕೊಂಡಳು.

"ಫೋನಂಗೆ ಹೇಳ್ಬ್ಯಾಡ. ಹೋಯಿ ಹೇಳ್."

ಆದರೂ ಜಿತೇಂದ್ರ ಕೂಡಲೇ ಹೋಗಲಿಲ್ಲ. ಬಂದರು ತೆರೆಯುವ ದಿನ ಹತ್ತಿರ ಬಂತು, ಪ್ಲಾಂಟಿನಲ್ಲಿ ಕೆಲಸ ಹೆಚ್ಚಿತು, ಟೆಂಪೊದ ಕಾಗದಪತ್ರ ಸರಿಪಡಿಸಲು ಓಡಾಟವಾಯಿತು. ಪ್ರತಿ ಊಟದ ಹೊತ್ತಿಗೂ ಪದ್ದು ಹೋದೆಯಾ ಎಂದು ಕೇಳುವಳು, ಅವನು ಒಂದು ಕಾರಣ ಹೇಳುವನು. ದೋಣಿಗಳು ಕಡಲಿಗೆ ಇಳಿದು, ಅತ್ತೆ ಸೊಸೆ ಮೊದಲ ಸಲ ಅವನೇ ಓಡಿಸಿದ ಟೆಂಪೊದಲ್ಲಿ ವಂಡ್ಸೆಗೆ ಹೋಗಿ ಬಂದ ಮೇಲೆ ಅವನಿಗೆ ಹೇಳಲು ಕಾರಣ ಉಳಿಯಲಿಲ್ಲ. ಒಂದು ಭಾನುವಾರ ರತ್ನ ಬಂಗುಡೆ ಕಟ್ಟಿಕೊಟ್ಟಳು. ಟೆಂಪೊ ತೆಗೆದುಕೊಂಡು ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಸಾಲಿಗ್ರಾಮಕ್ಕೆ ಹೋದ.

ಸುಧೀರನ ಮನೆ ಹೆದ್ದಾರಿಯಿಂದ ಒಳಗೆ, ಗದ್ದೆಯ ಬದಿಯಲ್ಲಿತ್ತು. ಮಳೆಗಾಲದಲ್ಲಿ ಮೇಳ ತಿರುಗಾಟ ನಿಲ್ಲಿಸಿದಾಗ ಅವನು ಒಂದು ಶಾಲೆಯ ವ್ಯಾನು ಓಡಿಸುತ್ತಿದ್ದ. ಭಾನುವಾರವಾದ್ದರಿಂದ ಮನೆಯಲ್ಲೇ ಇದ್ದ. ವಿಜೇತಾ ಭಾವನನ್ನು ಕಂಡು ಗಾಬರಿಯಾಗಿ, ಅತ್ತೆ ಹುಷಾರಾಗಿದ್ದಾರಲ್ಲ ಎಂದು ಮೊದಲು ಕೇಳಿದಳು. ಮೀನಿನ ಪೊಟ್ಟಣ ತೆಗೆದುಕೊಂಡು ಚಾ ಮಾಡಲು ಒಳಗೆ ಹೋದಳು. ಜಗಲಿಯ ದೀಪದ ಸ್ವಿಚ್ಚು ಕಳಚಿ ಎರಡು ವಯರು ಹೊರಗೆ ನೇತಾಡುತ್ತಿದ್ದವು. ಸರಿ ಮಾಡಿಕೊಳ್ಳಬಾರದೇ ಎಂದು ಜಿತೇಂದ್ರ ಮಾತಿಗೆ ಕೇಳಿದ. ಇವರು ವಯರು ಮುಟ್ಟುವುದಿಲ್ಲ, ಬಲ್ಬು ಹೋದರೂ ಪಕ್ಕದ ಮನೆಯವರನ್ನು ಕರೆಯುತ್ತಾರೆ ಎಂದು ಒಳಗಿನಿಂದ ವಿಜೇತಾ ಹೇಳಿದಳು.

ಚಾ ಕುಡಿದಾದ ಮೇಲೆ ಜಿತೇಂದ್ರ ಎಲ್ಲವನ್ನೂ ಹೇಳಿದ. ಬೋಲ್ಟಿನ ವಿಷಯ, ತಾನು ಗದರಿಸಿ ಕಳಿಸಿದ್ದು, ಫ್ಯೂಜಿಗೆ ಅಪ್ಪ ಸುತ್ತಿದ್ದ ತಂತಿ. ತಿಮ್ಮನ ಮುಂದೆ ಹೂಂ ಎಂದದ್ದನ್ನೂ ಹೇಳಿದ. ಸುಧೀರ್ ತಲೆ ತಗ್ಗಿಸಿ ಕಾಲುಗುರು ನೋಡುತ್ತ ಕೇಳಿದ. ಅವನು ಸಿಟ್ಟಾಗುತ್ತಾನೆ, ಎದ್ದು ಬಯ್ಯುತ್ತಾನೆ ಎಂದು ಅಣ್ಣ ಕಾದ.

"ನಂಗೆ ಈಗ ನಾನೇ ಮಾಡದ್ದ್ ಅಂದೇಳಿ ಆಯಿಹೋಯಿತ್ ಅಣ್ಣ," ಎಂದ ಸುಧೀರ್. "ಅಪ್ಪಯ್ಯ ಆಸ್ಪತ್ರಿಯಂಗೆ ಇಪ್ಪ ಹೊತ್ತಿಗೆ ಒಂದಿನ ನನ್ನ್ ಕಂಡ್ ಮುಖ ತಿರ್ಗ್ಸ್‌ದ್ರ್. ಇನ್ನ್ ಹೆಚ್ಚ್ ದಿನ ಇಲ್ಲೆ ಅಂದೇಳಿ ಗೊತ್ತಿತ್ತಲೆ. ಕಾಲ್ ಹಿಡ್ದ್, ತಪ್ಪಾಯ್ತ್ ಅಪ್ಪಯ್ಯ, ನನ್ ವಯರಿಂದ್ಲೇ ಆದ್ದ್ ಅಂದೆ. ಅವ್ರ್ ಆ ಸುಟ್ಟ್ ಕೈಯಂಗೆ ನನ್ನ್ ಕೈ ಹಿಡ್ಕಂಡ್ರ್. ಹೋಯ್ಲಿ ಬಿಡ್ ಅಂದ್ರ್."

ಜಿತೇಂದ್ರ ಖಾಲಿ ಲೋಟವನ್ನು ಕೆಳಗಿಟ್ಟ.

"ಸುಳ್ಳ್ ಹೇಳಿಯಾದ್ರೂ ಅಪ್ಪಯ್ಯ ಒಂದ್ ಮಾತಾಡ್ದ್ರಲೆ ಅಂದೇಳಿ ಇದ್ದೆ. ದಿನ ಹ್ವಾದಂಗೆ ಸುಳ್ಳ್ ಅಂಬುದೇ ಮರ್ತ್ ಹೋಯ್ತ್. ಈಗ ನೀ ಬಂದ್ ಅಲ್ಲ ಅಂದೇಳಿ ಹೇಳ್ತೆ. ನಾನ್ ಎಂತ ಮಾಡುದ್?"

ಮನೆಗೆ ಬಾ, ಅಮ್ಮ ಕಾಯುತ್ತಿದ್ದಾಳೆ, ಗಾಡಿಯನ್ನು ನೀನೇ ಓಡಿಸು ಎಂದು ಜಿತೇಂದ್ರ ಕರೆದ. ಗಾಡಿ ಬೇಡ ಎಂದ ಸುಧೀರ್. ಮನೆಗೆ ಬರುವುದರ ಬಗ್ಗೆ ನೋಡುವ ಎಂದಷ್ಟೇ ಹೇಳಿದ. ಬಸ್ ನಿಲ್ದಾಣದವರೆಗೆ ಜೊತೆಗೆ ಬಂದವನು, ಬಸ್ಸು ಕಂಡ ಮೇಲೆ, ಆಸ್ಪತ್ರೆಯಲ್ಲಿ ತಾನು ಬೇಕೆಂದೇ ಸುಳ್ಳು ಒಪ್ಪಿಕೊಂಡದ್ದೆಂದು ಅಮ್ಮನಿಗೆ ತಿಳಿಯುವುದು ಬೇಡ ಎಂದು ಮತ್ತೆ ಮತ್ತೆ ಹೇಳಿದ. ಯಾಕೆ ಎಂದರೆ ಹೇಳಲಿಲ್ಲ.

ಜಿತೇಂದ್ರ ಗಂಗೊಳ್ಳಿಗೆ ಬಂದಾಗ ಪದ್ದು ಹಿತ್ತಲ ಕಟ್ಟೆಯಲ್ಲಿ ಮೀನು ಕೊಯ್ಯುತ್ತಿದ್ದಳು. ಅವ ಏನೆಂದ ಎಂದು ಕೇಳಿದಳು.

"ಬತ್ತೆ ಅಂದ."

"ಯಾವಾಗ?"

ಪದ್ದು ಕತ್ತಿಯನ್ನು ಕೆಳಗಿಟ್ಟಳು.

"ಅವ ಬಪ್ಪುದಿಲ್ಲೆ. ಅವ ಆಸ್ಪತ್ರಿಯಂಗೆ ಅಪ್ಪಯ್ಯನ ಕಾಲ್ ಹಿಡ್ದದ್ದ್ ನಂಗೆ ಗೊತ್ತಿತ್ತ್. ಬಿಸಿನೀರ್ ತಕಂಡ್ ಬಾಗ್ಲ ಹತ್ರ ನಿಂತಿದ್ದೆ. ಪೂರಾ ಕೇಂಡಿದೆ."

ಜಿತೇಂದ್ರ ಕಟ್ಟೆಯ ಮೇಲೆ ಕುಳಿತುಬಿಟ್ಟ. ಪದ್ದು ನಿಧಾನವಾಗಿ ಹೇಳಿದಳು. ಗಾಡಿ ಸುಡುವ ಹಿಂದಿನ ದಿನ ಸುಬ್ಬ ಜಗಲಿಯಲ್ಲಿ ಕೂತು ಫ್ಯೂಜಿಗೆ ತಂತಿ ಸುತ್ತುವುದನ್ನು ಅವಳು ನೋಡಿದ್ದಳು. ಕತ್ತರಿಸಲು ಕತ್ತಿ ಕೊಟ್ಟವಳೇ ಅವಳು. ಬೇಡ ಅಪ್ಪಯ್ಯ ಎಂದು ಸುಧೀರ್ ಅಂದದ್ದೂ ಅವಳಿಗೆ ನೆನಪಿತ್ತು. ಹಾಗಾಗಿ ಗಂಡ ಮಗನನ್ನು ಬಯ್ಯುವಾಗೆಲ್ಲ, ಇದು ಇವರಿಂದಲೇ ಆಗಿರಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು. ಸುಟ್ಟ ಕೈ ಹಿಡಿದುಕೊಂಡು ಕೂತ ಗಂಡನ ಎದುರು ಅದನ್ನು ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ಮಗ ಮನೆ ಬಿಟ್ಟಾಗಲೂ ಹೇಳಲಿಲ್ಲ. ಆದರೂ ಅವನ ಮೇಲಿನ ನಂಬಿಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

"ಆಸ್ಪತ್ರಿಯಂಗೆ ಅವ್ನೇ ಒಪ್ಕಂಡದ್ದ್ ಕೇಂಡ್ ನಂಗೆ ಸಮಾಧಾನ ಆಯ್ತ್ ಮಗ. ಗಂಡನ್ ತಪ್ಪಲ್ಲ ಅಂದೇಳಿ. ಬೊಜ್ಜದ ದಿನ ಬಡ್ಸುಕೆ ಹೋದವಳ್ ಅವ್ನ್ ಕಿವಿಯಂಗೆ ಹೇಳ್ದೆ. ಮುಂಚೆಯೇ ಒಪ್ಕಂಡಿದ್ರೆ ಅಪ್ಪಯ್ಯ ಕೊರಗಿ ಕೊರಗಿ ಸಾಯ್ತಿರ್ಲಿಲ್ಲೆ ಅಂದೆ. ಎಲಿ ಬಿಟ್ಟ್ ಎದ್ದ."

ರತ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ಬಂದು ಅತ್ತೆಯ ಮುಂದಿದ್ದ ಮೀನಿನ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡು ಉಳಿದದ್ದನ್ನು ಕೊಯ್ಯತೊಡಗಿದಳು.

ಮರುದಿನ ಪದ್ದು ವ್ಯಾಪಾರಕ್ಕೆ ಹೋಗಲಿಲ್ಲ. ಶ್ರಾವ್ಯಳನ್ನು ಕಾಲೇಜು ತಪ್ಪಿಸಿ ಜೊತೆಗೆ ಕರೆದುಕೊಂಡು ಬಸ್ಸಿನಲ್ಲಿ ಸಾಲಿಗ್ರಾಮಕ್ಕೆ ಹೋದಳು. ಸುಧೀರ್ ಶಾಲೆಯ ಮಕ್ಕಳನ್ನು ಬಿಟ್ಟು ಬರುವವರೆಗೆ ಅವನ ಜಗಲಿಯಲ್ಲಿ ಕೂತಳು. ವಿಜೇತಾ ಎಷ್ಟು ಕರೆದರೂ ಒಳಗೆ ಹೋಗಲಿಲ್ಲ, ನೀರು ಸಹ ಮುಟ್ಟಲಿಲ್ಲ. ಅವನು ಬಂದು ಎದುರು ನಿಂತಾಗ ಅವಳಿಗೆ ಏಳಲಾಗಲಿಲ್ಲ. ಕೂತಲ್ಲಿಂದಲೇ ಅವನ ಕೈ ಹಿಡಿದಳು.

"ಬೊಜ್ಜದ ದಿನ ನಾನ್ ಹಾಂಗೆ ಹೇಳ್ಬಾರ್ದಿತ್ತ್ ಮಗ."

"ನಾನೇ ಒಪ್ಕಂಡದ್ದಲ್ದಾ ಅಮ್ಮ," ಎಂದ ಸುಧೀರ್. "ಸುಳ್ಳ್ ಅಂದೇಳಿ ನಿಂಗೆ ಹ್ಯಾಂಗೆ ಗೊತ್ತಾತ್ತ್?"

"ನಂಗೆ ಗೊತ್ತಿರ್ಬೇಕಿತ್ತ್."

ಆ ದಿನ ಪದ್ದು ಅಲ್ಲೇ ಉಂಡಳು. ಸಂಜೆ ಸುಧೀರನೇ ಅವರಿಬ್ಬರನ್ನೂ ಗಂಗೊಳ್ಳಿಗೆ ಕರೆತಂದ. ಮಾಡಿನ ಕೆಳಗಿದ್ದ ಟೆಂಪೊವನ್ನು ಒಮ್ಮೆ ನೋಡಿದ, ಹತ್ತಿರ ಹೋಗಲಿಲ್ಲ. ಒಳಗೆ ಬಂದು ಅಪ್ಪನ ಫೋಟೊದ ಎದುರು ಸ್ವಲ್ಪ ಹೊತ್ತು ನಿಂತ. ರತ್ನ ಕೈಗೆ ಕೊಟ್ಟ ಚಾ ಕುಡಿದು, ಅಣ್ಣನ ಹತ್ತಿರ ಮೇಳದ ಸುದ್ದಿ, ಬಂದರಿನ ಸುದ್ದಿ ಮಾತಾಡಿ, ಕೊನೆಯ ಬಸ್ಸು ತಪ್ಪುತ್ತದೆಂದು ಎದ್ದ. ಜಿತೇಂದ್ರ ಅವನ ಜೊತೆ ಬಸ್ಸಿನವರೆಗೆ ನಡೆದ.

ಆಮೇಲೆ ಸುಧೀರ್ ಬರತೊಡಗಿದ. ಹಬ್ಬಕ್ಕೆ ಬಂದ, ಅಪ್ಪನ ತಿಥಿಗೆ ವಿಜೇತಾಳನ್ನು ಕರೆದುಕೊಂಡು ಬಂದ, ಎಲೆಯ ಮುಂದೆ ಕೂತು ಪೂರ್ತಿ ಉಂಡ. ಆದರೆ ಬರುವ ಹಿಂದಿನ ದಿನ ತಪ್ಪದೆ ಫೋನು ಮಾಡುತ್ತಿದ್ದ. ನಾಳೆ ಮನೆಯಲ್ಲಿ ಇರುತ್ತೀರಾ, ಬಂದರೆ ತೊಂದರೆಯಾಗುವುದಿಲ್ಲವಲ್ಲ ಎಂದು, ದೂರದ ನೆಂಟರು ಕೇಳುವಂತೆ ಕೇಳುತ್ತಿದ್ದ.

"ನಿನ್ನ್ ಮನಿಗೆ ಬಪ್ಪುಕೆ ಕೇಂಬುದ್ ಎಂತಕ್ಕೆ ಮಗ?" ಎಂದು ಪದ್ದು ಪ್ರತಿ ಸಲವೂ ಹೇಳುತ್ತಿದ್ದಳು.

ಅವನು ಆಯಿತು ಎನ್ನುತ್ತಿದ್ದ. ಮುಂದಿನ ಸಲ ಮತ್ತೆ ಫೋನು ಮಾಡಿ ಕೇಳುತ್ತಿದ್ದ.